ಅಂಗಡಿ ಎಂಬ ಊರು ಮತ್ತು ನಮ್ಮ ಹಳೆಯ ಲೆಕ್ಕಪುಸ್ತಕಗಳು

ಕಾಫಿ, ಮೆಣಸು, ಏಲಕ್ಕಿಯ ವ್ಯವಹಾರಕ್ಕಾಗಿ ಸಕಲೇಶಪುರ, ಆಲೂರು ಭಾಗದಿಂದ ಮೂಡಿಗೆರೆಯ ಕಡೆಗೆ ಹೋಗಿಬರುವ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಆ ತಾಲ್ಲೂಕಿನ ‘ಅಂಗಡಿ’ ಎಂಬ ಗ್ರಾಮವನ್ನು ಕಂಡವರು ವಿರಳ. ಶಾಸನಗಳಲ್ಲಿ ಬರುವ ಸೊಸೆವೂರು ಇದೇ. ಬೇಲೂರು, ದೋರಸಮುದ್ರಗಳಿಗಿಂತ ಮೊದಲು ಹೊಯ್ಸಳರ ನೆಲೆಯಾಗಿದ್ದ ಊರು.

ಇಂದು ಅಲ್ಲಿ ಕಾಣಸಿಗುವುದು ವಾಸಂತಿಕಾ ದೇವಿಯ ಗುಡಿ, ಜೈನ ಬಸದಿಗಳು ಹಾಗೂ ಶಿಥಿಲಗೊಂಡ ಕೆಲವು ದೇವಾಲಯಗಳು. ಪೇಟೆಯ ಕುರುಹೇನೂ ಕಣ್ಣಿಗೆ ಬೀಳುವುದಿಲ್ಲ; ಉಳಿದಿರುವುದು ಹೆಸರೊಂದೇ. ಆದರೂ ವರ್ತಕರು ಅಲ್ಲಿದ್ದರೆಂಬುದಕ್ಕೆ ಲಿಖಿತ ಪುರಾವೆಯುಂಟು. ವಿನಯಾದಿತ್ಯನ ಗುರು ಶಾಂತಿದೇವರು 1062ರಲ್ಲಿ ಇಲ್ಲಿ ದೇಹತ್ಯಾಗ ಮಾಡಿದಾಗ ಅವರ ಸ್ಮಾರಕವನ್ನು ನಿಲ್ಲಿಸುವುದರಲ್ಲಿ ಊರಿನ ‘ನಕರ’ ಪಾಲ್ಗೊಂಡಿತೆಂದು ಶಾಸನ ತಿಳಿಸುತ್ತದೆ. ನಕರವೆಂದರೆ ಪಟ್ಟಣದ ವರ್ತಕರ ಸಮುದಾಯ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ನಮ್ಮದೇ ಸಂಘ!

ಆ ಕಾಲದ ವರ್ತಕರಿಗೆ ಬರವಣಿಗೆಯ ಶಿಸ್ತಿತ್ತು. ಹೆಜ್ಜುಂಕ, ಕಿರುಕುಳ ಎಂದು ಸುಂಕವನ್ನು ವಿಂಗಡಿಸಲಾಗುತ್ತಿತ್ತು. ಅಡಿಕೆ, ಮೆಣಸುಗಳ ಹೇರೊಂದಕ್ಕೆ ಇಂತಿಷ್ಟು ಎಂದು ವರ್ತಕರು ದೇವಾಲಯಗಳಿಗೆ ಬಿಟ್ಟ ದತ್ತಿಗಳು ಕರ್ನಾಟಕದ ಅನೇಕ ಶಾಸನಗಳಲ್ಲಿವೆ. ದರ, ಸರಕು, ಕೊಟ್ಟವರು, ಪಡೆದವರು ಎಲ್ಲವೂ ಅಲ್ಲಿ ನಮೂದಾಗಿರುತ್ತವೆ. ಲೆಕ್ಕಪರಿಶೋಧಕನಾದ ನನಗೆ ಅವು ಉತ್ತಮ ವೋಚರುಗಳಂತೆಯೇ ಕಾಣುತ್ತವೆ.

ಇದನ್ನು ಬರೆಯಲು ಕಾರಣವಿದೆ. ಕಂಪನಿಗಳು ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಇಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. ಅವಧಿ ಮುಗಿಯಿತೆಂದೊಡನೆ ಕಡತಗಳನ್ನು ರದ್ದಿಗೆ ಹಾಕಿಸುವ ಸಲಹೆಯನ್ನು ನಾನೇ ಎಷ್ಟೋ ಕಕ್ಷಿದಾರರಿಗೆ ನೀಡಿದ್ದೇನೆ. ಹಾಗೆ ತೂಕಕ್ಕೆ ಹೋದವುಗಳಲ್ಲಿ ಏಲಕ್ಕಿ ಮಂಡಿಯೊಂದರ ಮೂರು ತಲೆಮಾರಿನ ಖಾತೆ, ರೋಜುಗಳೂ ಇದ್ದವು. ಯಾವ ಘಟ್ಟದಿಂದ ಸರಕು ಇಳಿಯಿತು, ಯಾವ ಸಂತೆಯಲ್ಲಿ ದರವೇನಿತ್ತು ಎಂಬುದು ಅವುಗಳಲ್ಲಿಯೇ ಇತ್ತು. ಈಗ ಆ ಮನೆತನದವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕಾನೂನಿನ ಅವಧಿ ಕನಿಷ್ಠ ಅವಧಿ ಮಾತ್ರ. ಅದನ್ನು ಮೀರಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ವಿವಾದ, ಮೇಲ್ಮನವಿ ಬಾಕಿಯಿದ್ದಲ್ಲಿ ಇಡಲೇಬೇಕು. ಸದಸ್ಯರು ರದ್ದಿಯವನನ್ನು ಕರೆಯುವ ಮುನ್ನ ಖಾತೆ, ರೋಜು, ಸಂಘದ ನಡಾವಳಿ ಪುಸ್ತಕಗಳನ್ನಾದರೂ ಬೇರೆ ತೆಗೆದಿರಿಸಿ, ಒಣ ಜಾಗದಲ್ಲಿ, ನೆಲದಿಂದ ಎತ್ತರಕ್ಕೆ ಇಡಬೇಕಾಗಿ ವಿನಂತಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಾಗದ ಬಹುಬೇಗ ಬೂಷ್ಟು ಹಿಡಿಯುತ್ತದೆ.

ಅಂಗಡಿಗೆ ಹೋಗಬಯಸುವವರು ಮಳೆ ನಿಂತ ಮೇಲೆ ಹೋಗುವುದು ಲೇಸು. ಜಿಗಣೆಗಳ ಕಾಟವಿರುವುದಿಲ್ಲ.