ಹಳೆಯ ಫ್ಲಾಪಿ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪೆನ್ ಡ್ರೈವ್ ಬರುವುದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಬರೆದದ್ದನ್ನು ಫ್ಲಾಪಿಯಲ್ಲಿ ಇಡುತ್ತಿದ್ದರು. ಅದು ಮೂರೂವರೆ ಇಂಚಿನ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ಒಳಗೆ ತೆಳುವಾದ ದುಂಡು ಹಾಳೆ ಇರುತ್ತದೆ. ಅದರ ಮೇಲೆ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ಪಟ್ಟಿಗೆ ಇರುವಂಥದ್ದೇ ಕಾಂತೀಯ ಲೇಪನ. ಒಂದರಲ್ಲಿ 1.44 ಎಂ.ಬಿ. ಹಿಡಿಯುತ್ತದೆ. ಮೊಬೈಲಿನ ಒಂದು ಫೋಟೋ ಕೂಡ ಎಷ್ಟೋ ಸಲ ಹಿಡಿಸಲ್ಲ! ಸೋನಿ ಕಂಪನಿ 2011ರಲ್ಲಿ ಜಪಾನಿನಲ್ಲಿ ಇದರ ಮಾರಾಟ ನಿಲ್ಲಿಸಿತು.

ನಮ್ಮ ಮಾವ ಹಿಂದೆ ಡಿ.ಟಿ.ಪಿ. ಅಂಗಡಿ ಇಟ್ಟಿದ್ದರು. ಅಜ್ಜಿ ಹೇಳುತ್ತಿದ್ದ ಬೀಸುವ ಪದಗಳನ್ನು ಆಗ ಟೈಪ್ ಮಾಡಿ ಇಟ್ಟಿದ್ದರಂತೆ. ಅಜ್ಜಿ ಈಗಿಲ್ಲ, ಬರೆದ ನೋಟ್‌ಬುಕ್ಕೂ ಗೆದ್ದಲು ತಿಂದಿದೆ. ಅಟ್ಟದ ಮೇಲಿದ್ದ ಒಂಬತ್ತು ಫ್ಲಾಪಿಗಳೇ ಗತಿ. ಅವನ್ನು ಪರೀಕ್ಷೆ ಮಾಡುವಾಗ ಮಾವ ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಣ್ಣಿನ ಪರೀಕ್ಷೆ. ಲೋಹದ ಮುಚ್ಚಳ ಸರಿಸಿ ಹಿಡಿದು, ಹಿಂಬದಿಯ ನಡುವಿನ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತಾ ಹಾಳೆಯನ್ನು ಬೆಳಕಿನಲ್ಲಿ ನೋಡಬೇಕು. ಹಾಳೆಗೆ ಬೆರಳು ತಾಗಿಸಬಾರದು. ನುಣುಪಾಗಿ ಹೊಳೆದರೆ ಒಳ್ಳೆಯದು. ಬಿಳಿ ಚುಕ್ಕೆ, ಮಂಜಿನಂಥ ಕಲೆ ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಫ್ಲಾಪಿಯನ್ನು ಬಿಟ್ಟೀತೇ? ಬಳೆಯಂತೆ ಗೀರು ಬಿದ್ದು ಬೆಳಕು ಆಚೆಯಿಂದ ಕಂಡರೆ ಅಲ್ಲಿ ಲೇಪನವೇ ಕಿತ್ತುಹೋಗಿದೆ. ಅಲ್ಲಿದ್ದ ಅಕ್ಷರಗಳು ಮತ್ತೆ ಬರುವುದಿಲ್ಲ.

ಬೂಷ್ಟು ಹಿಡಿದದ್ದನ್ನು ಡ್ರೈವಿಗೆ ಹಾಕಲೇಬಾರದು. ಯಾಕೆಂದರೆ ಹಾಳೆ ನಿಮಿಷಕ್ಕೆ 300 ಸುತ್ತು ತಿರುಗುವಾಗ ಡ್ರೈವಿನ ಹೆಡ್ ಅದಕ್ಕೆ ತಾಗಿಕೊಂಡೇ ಓದುತ್ತದೆ. ಕೊಳೆ ಹೆಡ್ಡಿಗೆ ಅಂಟುತ್ತದೆ, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಕೆರೆದುಬಿಡುತ್ತದೆ. ಒಂದರ ರೋಗ ಇನ್ನೊಂದಕ್ಕೆ!

ಡ್ರೈವನ್ನೂ ಪರೀಕ್ಷಿಸಬೇಕು. ಬೇಡವಾದ ಫ್ಲಾಪಿ ಹಾಕಿ ಓಡಿಸಿ, ತೆಗೆದು ಗೀರು ಬಿದ್ದಿದೆಯಾ ನೋಡಬೇಕು. ಟಕ್ ಟಕ್ ಅಂದರೆ ಹೆದರಬೇಡಿ, ಹೆಡ್ ಸರಿಯುವ ಸದ್ದು ಅದು. ಕೀರ್ ಎಂದು ಉಜ್ಜಿದ ಸದ್ದಾದರೆ ತಕ್ಷಣ ತೆಗೆಯಿರಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಬಹುದು. ಯಾವ ಫ್ಲಾಪಿಯೂ ಓದದಿದ್ದರೆ ದೋಷ ಬಹುಶಃ ಡ್ರೈವಿನದು. ಒಂದು ಮಾತ್ರ ಓದದಿದ್ದರೆ ಫ್ಲಾಪಿಯದಿರಬಹುದು, ಆದರೂ ಬೇರೆ ಡ್ರೈವಿನಲ್ಲಿ ಹಾಕಿ ನೋಡದೆ ಎಸೆಯಬಾರದು. ಒಂದೊಂದು ಬದಿಯಲ್ಲೂ 80 ಸುತ್ತುದಾರಿಗಳಿವೆ, ಹೆಡ್ ಕೂದಲೆಳೆಯಷ್ಟು ಸರಿದರೂ ದಾರಿ ತಪ್ಪುತ್ತದೆ.

ನಮ್ಮ ಒಂಬತ್ತರಲ್ಲಿ ಆರು ಪೂರ್ತಿ ಓದಿದವು, ಒಂದು ಅರ್ಧಕ್ಕೆ ನಿಂತಿತು. ಪದಗಳೂ ಸಿಕ್ಕವು, ಆದರೆ ಆಗಿನ ಕನ್ನಡ ಫಾಂಟ್ ಇಲ್ಲದ್ದರಿಂದ ಪರದೆ ಮೇಲೆ ಬರೀ ಚಿತ್ರವಿಚಿತ್ರ ಗುರುತು. ಮಾವ ಆ ಫಾಂಟ್ ಹುಡುಕುತ್ತಿದ್ದಾರೆ. ಬೂಷ್ಟು ಹಿಡಿದ ಎರಡು ಬೇರೆ ಡಬ್ಬಿಯಲ್ಲಿವೆ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಫ್ಲಾಪಿ ಹಾಕುವ ಮುಂಚೆ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡಿ, ಆಗ ಅದರ ಮೇಲೆ ಯಾರೂ ಬರೆಯಲಾಗದು. ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ.

— 7ನೇ ತರಗತಿ