ಹೊಳೆಯುವ ಹೊದಿಕೆ, ಬೆವರುವ ಸೋಪು



ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ, ಅಮೆರಿಕದ ನಮ್ಮೂರಿನ ಕನ್ನಡ ಕೂಟದ ದೀಪಾವಳಿ ಸಂಜೆಗೆ ಅಂತ ಮನೆಯಲ್ಲೇ ನಲವತ್ತು ಸೋಪಿನ ಬಿಲ್ಲೆ ಮಾಡಿದ್ದೆ. ಅಚ್ಚಿನಿಂದ ತೆಗೆದು ಎರಡೇ ವಾರ ಆಗಿತ್ತು. ಅಂಚು ಸವರಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಚಿನ್ನದ ಬಣ್ಣದ ಅಕ್ಷರದ ಲೇಬಲ್ ಅಂಟಿಸಿದೆ. ಅಂಗಡಿಯದ್ದೇ ಅನ್ನಬೇಕು, ಹಾಗಿತ್ತು. ಒಂದೂ ಉಳಿಯದೆ ಮಾರಾಟ ಆಯ್ತು.

ಒಂದೂವರೆ ತಿಂಗಳಾದ ಮೇಲೆ ಒಬ್ಬರು ಹಿರಿಯರು ಬಿಲ್ಲೆ ವಾಪಸ್ ತಂದರು. ಹಾಳೆಯ ಒಳಗೆ ಹನಿ ಹನಿ ನೀರು, ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು, ಮೂಗಿಗೆ ಹಳೇ ಎಣ್ಣೆ ವಾಸನೆ. ಅವರು ಬಯ್ಯಲಿಲ್ಲ. ಆದರೆ ಹೇಳಿದ ಮಾತು ಇದು: "ಎಕ್ಸಿಮಾಗೂ ಒಳ್ಳೇದು ಅಂತ ಬರೆದಿದ್ದೀಯಲ್ಲಮ್ಮ, ನೀನು ಬಯಾಲಜಿ ಓದಿದವಳು ಅಂತ ನಂಬಿ ಮೊಮ್ಮಗೂಗೆ ಹಚ್ಚಿದೆ. ಮೈಯೆಲ್ಲ ಕೆಂಪಾಯ್ತು."

ಹಾಗಾಗಿ ಇವತ್ತಿನ ವಿಷಯ: ಮನೆಯ ಸೋಪಿಗೆ ಅಂಗಡಿಯ ಅಂದ ಕೊಡೋದು ಹೇಗೆ, ಆ ಅಂದದ ಹಿಂದಿನ ರಸಾಯನಶಾಸ್ತ್ರ ಏನು.

ಮೊದಲು ಸೋಪು ಅಂದರೆ ಏನು ಅಂತ ನೋಡೋಣ. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ. ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಈ ಬಂಧ ಬಿಡಿಸುತ್ತೆ. ಕೊಬ್ಬಿನಾಮ್ಲದ ಸೋಡಿಯಂ ಲವಣವೇ ಸೋಪು. ಗ್ಲಿಸರಾಲ್ ಅದರೊಳಗೇ ಉಳಿಯುತ್ತೆ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತೆ. ಕನ್ನಡಕ, ಗ್ಲೌಸ್ ಬೇಕೇ ಬೇಕು. ಯಾವಾಗಲೂ ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ತರಬಾರದು.

ಈಗ ಒಂದು ಲೆಕ್ಕ. 700 ಗ್ರಾಂ ಆಲಿವ್ ಎಣ್ಣೆ, 300 ಗ್ರಾಂ ಕೊಬ್ಬರಿ ಎಣ್ಣೆ ತಗೊಳ್ಳಿ. ಶೇಕಡಾ 5ರಷ್ಟು ಎಣ್ಣೆ ಹಾಗೇ ಉಳಿಯಲಿ ಅಂತ ಲೆಕ್ಕ ಹಾಕಿದರೆ ಸುಮಾರು 141 ಗ್ರಾಂ ಸೋಡಾ ಬೇಕು. ಅದರ ಎರಡರಷ್ಟು ನೀರು, 282 ಗ್ರಾಂ. ಒಟ್ಟು 1,423 ಗ್ರಾಂ. ಹತ್ತು ಬಿಲ್ಲೆ ಮಾಡಿದರೆ ಒಂದೊಂದು 142 ಗ್ರಾಂ. ಗಮನಿಸಿ, ಅದರಲ್ಲಿ ಐದನೇ ಒಂದು ಭಾಗ ಬರೀ ನೀರು! ಆ ನೀರಿನಲ್ಲಿ ಅರ್ಧ ಆರಿದರೂ ಒಂದು ಬಿಲ್ಲೆ 14 ಗ್ರಾಂ ಕಳಕೊಳ್ಳುತ್ತೆ.

ಅದಕ್ಕೇ ಸೋಪನ್ನು ನಾಲ್ಕರಿಂದ ಆರು ವಾರ ಮಾಗಿಸ್ತಾರೆ. ಸೋಡಾ ಖರ್ಚಾಗೋದು ಬಹುಪಾಲು ಮೊದಲ ಒಂದೆರಡು ದಿನದಲ್ಲೇ. ಉಳಿದ ವಾರಗಳು ನೀರು ಆರೋದಕ್ಕೆ, ಒಳಗಿನ ಹರಳುಗಳು ಗಟ್ಟಿಯಾಗೋದಕ್ಕೆ. ಎರಡೇ ವಾರಕ್ಕೆ ಪ್ಲಾಸ್ಟಿಕ್ ಸುತ್ತಿ ನಾನು ಆ ನೀರಿಗೆ ಬಾಗಿಲು ಮುಚ್ಚಿದ್ದೆ.

ಇನ್ನು ಹೊರಮೈ. ಹೊಸ ಸೋಪಿನ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಬರೋದನ್ನ ನೋಡಿರಬಹುದು. ಅದು ಬೂಷ್ಟು ಅಲ್ಲ. ಮೇಲ್ಮೈಯಲ್ಲಿ ಇನ್ನೂ ಖರ್ಚಾಗದ ಸೋಡಾ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದ ಸೋಡಿಯಂ ಕಾರ್ಬೊನೇಟ್. ತಡೆಯಬೇಕಾದರೆ ನೀರು ಸ್ವಲ್ಪ ಕಡಿಮೆ ಹಾಕಿ, ಅಚ್ಚಿಗೆ ಸುರಿದ ತಕ್ಷಣ ಮುಚ್ಚಿ, ಮೊದಲ ದಿನ ಬೆಚ್ಚಗಿಡಿ. ಬಂದೇ ಬಿಟ್ಟರೆ ಹಬೆ ಹಿಡಿದರೆ ಕರಗುತ್ತೆ, ಇಲ್ಲವೇ ತೆಳುವಾಗಿ ಹೆರೆದು ತೆಗೀಬಹುದು.

ಹೆರೆಯೋದಕ್ಕೆ ದುಬಾರಿ ಉಪಕರಣ ಬೇಡ. ತರಕಾರಿ ಸಿಪ್ಪೆ ತೆಗೆಯೋ ಪೀಲರ್ ಸಾಕು. ಬಿಲ್ಲೆ ಗಟ್ಟಿ ಚೀಸ್‌ನಷ್ಟು ಹದಕ್ಕೆ ಬಂದಾಗ ಹನ್ನೆರಡೂ ಅಂಚಿನ ಮೇಲೆ ಒಂದೇ ಒತ್ತಡದಲ್ಲಿ ಒಂದು ಸಲ ಎಳೀರಿ. ಚೂಪು ಅಂಚು ಹೋದರೆ ನೋಡೋಕೆ ಚೆಂದ ಮಾತ್ರ ಅಲ್ಲ, ಪೆಟ್ಟಿಗೆಯಲ್ಲಿ ಮೂಲೆ ಮುರಿಯೋದೂ ಕಡಿಮೆ. ಹೆಸರಿನ ಮುದ್ರೆ ಒತ್ತೋದಿದ್ದರೂ ಇದೇ ಹದ. ಮೆತ್ತಗಿದ್ದರೆ ಮುದ್ರೆಗೆ ಅಂಟುತ್ತೆ, ತೀರಾ ಒಣಗಿದರೆ ಬಿರುಕು ಬಿಡುತ್ತೆ. ಮಾಗಿದ ಮೇಲೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಆರಲು ಬಿಡಿ. ಸಣ್ಣ ಗೀರುಗಳು ಮಾಯವಾಗಿ ನುಣುಪು ಬರುತ್ತೆ.

ಆ ಕಿತ್ತಳೆ ಚುಕ್ಕೆ ಎಲ್ಲಿಂದ ಬಂತು? ನಾನು ಸೂರ್ಯಕಾಂತಿ ಎಣ್ಣೆ ಧಾರಾಳವಾಗಿ ಹಾಕಿದ್ದೆ. ಅದರಲ್ಲಿ ಸಾಮಾನ್ಯವಾಗಿ ಲಿನೋಲಿಯಿಕ್ ಆಮ್ಲ ಹೆಚ್ಚು. ಆ ಅಣುವಿನಲ್ಲಿರೋ ಎರಡು ದ್ವಿಬಂಧಗಳ ನಡುವಿನ ಜಾಗಕ್ಕೆ ಆಮ್ಲಜನಕ ಸುಲಭವಾಗಿ ದಾಳಿ ಮಾಡುತ್ತೆ. ಕಬ್ಬಿಣ, ತಾಮ್ರದ ಅಂಶ ಸ್ವಲ್ಪ ಇದ್ದರೂ ಕ್ರಿಯೆಗೆ ವೇಗ ಬರುತ್ತೆ. ನಾನೋ, ತುಕ್ಕು ಹಿಡಿದ ಹಳೇ ಓವನ್ ಜಾಲರಿಯ ಮೇಲೆ ಒಣಗಿಸಿದ್ದೆ! ಕೊಬ್ಬರಿ ಎಣ್ಣೆ ಬಹುತೇಕ ಪರ್ಯಾಪ್ತ ಕೊಬ್ಬು, ಅದಕ್ಕೆ ಈ ಕಾಟ ತೀರಾ ಕಡಿಮೆ. ಈಗ ನಾನು ಬಿಲ್ಲೆಗಳನ್ನ ಮರದ ಹಲಗೆಯ ಮೇಲೆ ಕಾಗದ ಹಾಸಿ, ನಡುವೆ ಗಾಳಿಯಾಡೋ ಹಾಗೆ, ಬಿಸಿಲು ತಾಗದ ಕಡೆ ಜೋಡಿಸ್ತೀನಿ.

ಹೊದಿಕೆಯ ವಿಷಯಕ್ಕೆ ಬರೋಣ. ಇಲ್ಲಿ ತುಂಬಾ ಜನ ಎಡವೋದು, ಎರಡು ಬೇರೆ ಸೋಪುಗಳ ಸಲಹೆ ಬೆರೆಸಿಬಿಡ್ತಾರೆ. ಅಂಗಡಿಯಿಂದ ಗಟ್ಟಿ ತಂದು ಕರಗಿಸಿ ಅಚ್ಚಿಗೆ ಹೊಯ್ಯೋ ಸೋಪಿನಲ್ಲಿ ಗ್ಲಿಸರಿನ್ ಹೆಚ್ಚು ಸೇರಿಸಿರ್ತಾರೆ. ಅದು ಗಾಳಿಯ ತೇವ ಎಳಕೊಂಡು ಬೆವರುತ್ತೆ. ಅದನ್ನು ಗಟ್ಟಿಯಾದ ಕೂಡಲೇ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತೋದೇ ಸರಿ. ಎಣ್ಣೆ, ಸೋಡಾದಿಂದ ಮಾಡಿದ ಸೋಪಿಗೆ ಉಲ್ಟಾ: ಅದು ಉಸಿರಾಡಬೇಕು. ಎರಡು ತುದಿ ಬಿಟ್ಟು ನಡುವೆ ಕಾಗದದ ಪಟ್ಟಿ, ಇಲ್ಲವೇ ರಟ್ಟಿನ ಪುಟ್ಟ ಪೆಟ್ಟಿಗೆ ಸಾಕು. ಬಿಲ್ಲೆ ಇನ್ನೂ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಪಟ್ಟಿಯನ್ನ ಸೋಪಿಗೆ ಅಂಟಿಸಬೇಡಿ, ಕಾಗದಕ್ಕೆ ಕಾಗದ ಅಂಟಿಸಿ.

ಪೆಟ್ಟಿಗೆ ಅಂದ ಕೂಡಲೇ ನಮಗೆ ನೆನಪಾಗೋದು ಮೈಸೂರು ಸ್ಯಾಂಡಲ್ ಅಲ್ವಾ? ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ ಉದ್ಯಮ ಅದು. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗೋದು ನಿಂತಾಗ, ಇಲ್ಲೇ ಎಣ್ಣೆ ತೆಗೆಯೋಣ ಅಂತ ಶುರುವಾಗಿದ್ದು. ಅಂಡಾಕಾರದ ಬಿಲ್ಲೆ, ಸಿಂಹದ ಮೈ ಆನೆಯ ತಲೆಯ ಶರಭದ ಗುರುತು. ಬೀರುವಿನ ಸೀರೆಗಳ ನಡುವೆ ಆ ಖಾಲಿ ಪೆಟ್ಟಿಗೆ ಇಟ್ಟ ಅಜ್ಜಿಯರು ನಿಮ್ಮ ಮನೇಲೂ ಇರಬಹುದು. ಒಳ್ಳೇ ಹೊದಿಕೆ ನಂಬಿಕೆ ಹುಟ್ಟಿಸುತ್ತೆ. ನನ್ನ ತಪ್ಪೂ ಅಲ್ಲೇ ಇದ್ದಿದ್ದು.

ಕೊನೆಯದಾಗಿ ಲೇಬಲ್. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5ರ ಆಸುಪಾಸು. ನಿಜವಾದ ಸೋಪು ಕ್ಷಾರೀಯ, 9ರಿಂದ 10. ಎಷ್ಟೇ ಚೆನ್ನಾಗಿ ಮಾಗಿದ ಸೋಪಾದರೂ ಅಷ್ಟೇ, ಅದು ಸೋಪಿನ ಸ್ವಭಾವ. ಎಕ್ಸಿಮಾ ಇರೋ ಚರ್ಮದ ತಡೆಗೋಡೆ ಮೊದಲೇ ದುರ್ಬಲ, ಅದಕ್ಕೆ ಕ್ಷಾರ ಇನ್ನಷ್ಟು ತೊಂದರೆ. ಇದು ನನಗೆ ಗೊತ್ತಿದ್ದ ವಿಷಯ. ಆದರೂ ಲೇಬಲ್‌ನಲ್ಲಿ ಜಾಗ ಖಾಲಿ ಇತ್ತು ಅಂತ ಒಂದು ಚೆಂದದ ಸಾಲು ಸೇರಿಸಿದ್ದೆ.

ಕಾನೂನೂ ಇದನ್ನ ಹಗುರವಾಗಿ ನೋಡಲ್ಲ. ಅಮೆರಿಕದಲ್ಲಿ ಬರೀ ಸೋಪು ಅಂತ ಮಾರಿದರೆ ಒಂದು ನಿಯಮ. ಚರ್ಮ ಮೃದು ಮಾಡುತ್ತೆ ಅಂದರೆ ಅದು ಸೌಂದರ್ಯವರ್ಧಕ. ರೋಗ ವಾಸಿ ಮಾಡುತ್ತೆ ಅಂದರೆ ಎಫ್‌ಡಿಎ ದೃಷ್ಟಿಯಲ್ಲಿ ಅದು ಔಷಧಿ. ಬ್ರಿಟನ್, ಯುರೋಪಿನಲ್ಲಿರೋರು ಗಮನಿಸಿ, ಅಲ್ಲಿ ಸೋಪು ಮಾರೋ ಮುಂಚೆ ಅರ್ಹರಿಂದ ಸುರಕ್ಷತಾ ಮೌಲ್ಯಮಾಪನ ಮಾಡಿಸಲೇಬೇಕು.

ಈಗ ನನ್ನ ಲೇಬಲ್‌ನಲ್ಲಿ ಇರೋದು ಇಷ್ಟು: ಹಾಕಿದ ಎಣ್ಣೆಗಳು, ಸುಗಂಧ ಯಾವುದು, ಮಾಡಿದ ದಿನಾಂಕ, ಮಾಗಿದ ಮೇಲೆ ತೂಗಿದ ತೂಕ, ನನ್ನನ್ನು ಸಂಪರ್ಕಿಸೋದು ಹೇಗೆ ಅನ್ನೋದು. ಅಕ್ಷರ ಕಪ್ಪು, ಕಾಗದ ಕಂದು.

ಆ ಮಗು ಆರಾಮಾಗಿದೆ. ಸೋಪು ನಿಲ್ಲಿಸಿ, ವೈದ್ಯರು ಹೇಳಿದ ಕ್ರೀಮು ಹಚ್ಚಿದ ಮೇಲೆ ಕೆಂಪು ಇಳೀತು. ನಲವತ್ತರಲ್ಲಿ ಮೂವತ್ತೊಂದು ಬಿಲ್ಲೆ ಕೊಂಡವರನ್ನ ಹುಡುಕಿ ಫೋನ್ ಮಾಡಿ, ಹಣ ವಾಪಸ್ ಕೊಟ್ಟೆ. ಉಳಿದ ಒಂಬತ್ತು ಯಾರ ಮನೆಯಲ್ಲಿದೆಯೋ. ನೀವೇನಾದರೂ ಅವರಲ್ಲಿ ಒಬ್ಬರಾಗಿದ್ದರೆ, ದಯವಿಟ್ಟು ಎಸೆದುಬಿಡಿ, ನನಗೊಂದು ಮಾತು ತಿಳಿಸಿ.