ಹಸಿರು ಉಕ್ಕು: ಒಲೆ ಸುಧಾರಿಸಿದರೆ ಸಾಕೆ?

2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ‘ಹಸಿರು ಉಕ್ಕು’ ಯಾವುದೆಂದು ಅಂಕಿಯಲ್ಲೇ ಹೇಳಿತು. ಒಂದು ಟನ್ ಉಕ್ಕು ತಯಾರಿಸುವಾಗ 2.2 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಅದು ಹಸಿರು, 1.6 ಟನ್ನಿಗಿಂತ ಕೆಳಗಿಳಿದರೆ ಐದು ನಕ್ಷತ್ರ. ನಮ್ಮ ದೇಶದ ಸರಾಸರಿ ಸುಮಾರು 2.5 ಟನ್. ಜಗತ್ತಿನ ಸರಾಸರಿ 1.9ರ ಆಸುಪಾಸು.

ಇಷ್ಟು ಹೊಗೆಗೆ ಕಾರಣವಿದೆ. ಊದುಕುಲುಮೆಯಲ್ಲಿ ಕಲ್ಲಿದ್ದಲಿಗೆ ಎರಡು ಕೆಲಸ: ಕುಲುಮೆಯನ್ನು ಕಾಯಿಸುವುದು ಮತ್ತು ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ಆಮ್ಲಜನಕವನ್ನು ಕಿತ್ತುಕೊಳ್ಳುವುದು. ಅಡುಗೆಗೆ ಹೋಲಿಸಿ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಹಳ್ಳಿಯ ಅಡುಗೆಮನೆಗಳಲ್ಲಿ ಸೌದೆ ಉಳಿಸಿತು. ಒಲೆ ಎಷ್ಟೇ ಚೆನ್ನಾಗಿರಲಿ, ಅನ್ನಕ್ಕೆ ಬೇಕಾದ ಅಕ್ಕಿಯ ಅಳತೆ ಕಡಿಮೆಯಾಗದು. ಊದುಕುಲುಮೆಗೆ ಕಲ್ಲಿದ್ದಲು ಸೌದೆಯೂ ಹೌದು, ಅಕ್ಕಿಯೂ ಹೌದು.

ಸೌದೆ ಉಳಿಸುವ ಜಾಣ್ಮೆ ಹಳೆಯದು. ತಣ್ಣನೆಯ ಗಾಳಿ ಊದಿದರೇ ಕಬ್ಬಿಣ ಚೆನ್ನಾಗಿ ಬರುತ್ತದೆಂದು ಕುಲುಮೆಯವರು ನಂಬಿದ್ದ ಕಾಲದಲ್ಲಿ, 1828ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಬ್ಯೂಮಾಂಟ್ ನೀಲ್ಸನ್ ಗಾಳಿಯನ್ನು ಕಾಯಿಸಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂಧನದ ಖರ್ಚು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಇಂದು ಕುಲುಮೆಯ ಮೇಲ್ತುದಿಯಿಂದ ಒತ್ತಡದಲ್ಲಿ ಹೊರಬರುವ ಅನಿಲ ಟರ್ಬೈನ್ ತಿರುಗಿಸುತ್ತದೆ. ಕಲ್ಲಿದ್ದಲನ್ನು ಬೇಯಿಸಿ ಪಡೆದ ನಿಗಿನಿಗಿ ಕೋಕ್‌ಗೆ ನೀರೆರಚುವ ಬದಲು ಸಾರಜನಕ ಹಾಯಿಸಿ, ಆ ಬಿಸಿಯಿಂದ ಹಬೆ ತೆಗೆಯುತ್ತಾರೆ.

ಭದ್ರಾವತಿಯ ಇತಿಹಾಸದಲ್ಲಿ ಕಾಯಿಸುವ ಮತ್ತು ಆಮ್ಲಜನಕ ಕೀಳುವ ಎರಡು ಕೆಲಸಗಳು ಬೇರ್ಪಟ್ಟದ್ದೇ ಕಾಣುತ್ತದೆ. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಕೆಲಸ ಶುರುಮಾಡಿದ ಕಾರ್ಖಾನೆ ಕಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ತೆಗೆಯಿತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದಾಗ ಕಾಯಿಸುವ ಕೆಲಸ ವಿದ್ಯುತ್ತಿನ ಪಾಲಾಯಿತು. ಆಮ್ಲಜನಕ ಕೀಳಲು ಮಾತ್ರ ಇಂಗಾಲ ಬೇಕೇ ಆಯಿತು.

ಆ ಎರಡನೆಯ ಕೆಲಸದಿಂದಲೂ ಇಂಗಾಲವನ್ನು ಬಿಡಿಸಲು ಹೊರಟಿದ್ದು ಸ್ವೀಡನ್ನಿನ ಹೈಬ್ರಿಟ್ ಯೋಜನೆ. ಅಲ್ಲಿ ಆಮ್ಲಜನಕವನ್ನು ಜಲಜನಕ ಕಿತ್ತುಕೊಳ್ಳುತ್ತದೆ; ಹೊರಬರುವುದು ನೀರಿನ ಆವಿ. 2021ರ ಆಗಸ್ಟಿನಲ್ಲಿ ಹೀಗೆ ತಯಾರಾದ ಮೊದಲ ಉಕ್ಕು ವೋಲ್ವೊ ಕಂಪನಿಗೆ ಹೋಯಿತು.

ಸಾಧನೆ ದೊಡ್ಡದು, ಆದರೆ ಸಂಭ್ರಮಕ್ಕೆ ಮುನ್ನ ಲೆಕ್ಕ ನೋಡಬೇಕು. ಈ ವಿಧಾನದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 3,500 ಯೂನಿಟ್ ವಿದ್ಯುತ್ ಬೇಕು. ಹೆಚ್ಚಿನ ಪಾಲು ನೀರನ್ನು ಒಡೆದು ಜಲಜನಕ ಪಡೆಯಲು. ಜಲವಿದ್ಯುತ್ ಹೇರಳವಾಗಿರುವ ಸ್ವೀಡನ್ನಿಗೆ ಅದು ಹೊಂದುತ್ತದೆ. ಕಲ್ಲಿದ್ದಲು ಸುಟ್ಟು ಮಾಡಿದ ವಿದ್ಯುತ್ತಿನಲ್ಲಿ ಜಲಜನಕ ತಯಾರಿಸಿದರೆ ಹೊಗೆ ಜಾಗ ಬದಲಿಸುತ್ತದೆ, ಅಷ್ಟೆ.

ಅದಕ್ಕಿಂತ ಸುಲಭದ ದಾರಿ ಗುಜರಿ. ಹಳೆಯ ಉಕ್ಕಿನಿಂದ ಆಮ್ಲಜನಕ ಕೀಳುವ ಕೆಲಸ ಎಂದೋ ಮುಗಿದಿದೆ; ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಸಾಕು. ದೇಶ ಕಟ್ಟುತ್ತಲೇ ಇರುವ ಭಾರತದಲ್ಲಿ ಬೇಡಿಕೆಗೆ ತಕ್ಕಷ್ಟು ಗುಜರಿ ಇನ್ನೂ ಇಲ್ಲ. ಇರುವುದನ್ನು ಚೆನ್ನಾಗಿ ವಿಂಗಡಿಸಿ ಕುಲುಮೆಗೆ ಮುಟ್ಟಿಸಲು ಹೊಸ ವಿಜ್ಞಾನವೇನೂ ಬೇಕಿಲ್ಲ.

ಸಚಿವಾಲಯದ ಮಿತಿಗಳು ಮೂರು ವರ್ಷಕ್ಕೊಮ್ಮೆ ಪರಿಶೀಲನೆಗೆ ಬರುತ್ತವೆ. ಮೊದಲ ಪರಿಶೀಲನೆಯಲ್ಲೇ, ಜಗತ್ತಿನ ಸರಾಸರಿಗಿಂತ ಮೇಲಿರುವ 2.2 ಎಂಬ ಗೆರೆ ಕೆಳಗಿಳಿಯಬೇಕು.